ರಿಯಾಕ್ಟರ್ ಸ್ಟೀಲ್ ಉಜ್ಜೋದಕ್ಕೂ ಬಿರುಕಿಗೂ ಸಂಬಂಧ, ಗೊತ್ತಿರೋರು ಹೇಳಿ

ಹಾಸನದಲ್ಲಿ ಎಂಟೆಕ್ ಮಾಡ್ತಿದೀನಿ. ಅಣು ರಿಯಾಕ್ಟರಲ್ಲಿ ಹಾಕೋ ಸ್ಟೇನ್‌ಲೆಸ್ ಸ್ಟೀಲ್‌ಗೆ ಬರೋ ಸ್ಟ್ರೆಸ್ ಕೊರೋಷನ್ ಬಿರುಕಿನ (ಎಳೆತ, ಕೊರೆಯೋ ದ್ರವ ಎರಡೂ ಸೇರಿ ಬರೋ ಬಿರುಕು) ಮೇಲೆ ಪ್ರಾಜೆಕ್ಟು. ಗ್ರೈಂಡಿಂಗ್, ಪಾಲಿಶ್, ಶಾಟ್ ಪೀನಿಂಗ್ (ಸಣ್ಣ ಗುಂಡುಗಳನ್ನ ಮೇಲ್ಮೈಗೆ ಬಡಿಯೋದು) ಹೋಲಿಸ್ಬೇಕು. ಸ್ಟೀಲಿನ ಗ್ರೇಡ್ 304 ತಗೊಳ್ಲಾ, 316ಎಲ್ ತಗೊಳ್ಲಾ? ನಮ್ಮಲ್ಲಿ ಆಟೋಕ್ಲೇವ್ (ಹೆಚ್ಚು ಬಿಸಿ, ಒತ್ತಡದ ನೀರಲ್ಲಿ ಟೆಸ್ಟ್ ಮಾಡೋ ಪಾತ್ರೆ) ಇಲ್ಲ. ಅನುಭವ ಇರೋರು ಹೇಳಿ ಸಾರ್.

ಹಾಸನ, ರಿಟೈರ್ಡ್ ಮೆಟಲರ್ಜಿ:
316ಎಲ್ ತಗೊಳಪ್ಪ. 304 ಕಥೆ ಹಳೇದು, ವೆಲ್ಡ್ ಪಕ್ಕ 500ರಿಂದ 800 ಡಿಗ್ರಿ ಬಿಸಿಯಾದ ಕಡೆ ಕ್ರೋಮಿಯಂ ಹೋಗಿ ಕಾರ್ಬನ್ ಜೊತೆ ಸೇರ್ಕೊಳುತ್ತೆ, ಗ್ರೇನ್ (ಲೋಹದೊಳಗಿನ ಹರಳು) ಅಂಚಲ್ಲಿ ಕ್ರೋಮಿಯಂ ಕಮ್ಮಿಯಾಗಿ ಅಲ್ಲೇ ಸೀಳುತ್ತೆ. ಅದಕ್ಕೇ ಕಾರ್ಬನ್ 0.03% ಒಳಗಿರೋ ಎಲ್ ಗ್ರೇಡ್ ಹಾಕಿದ್ರು, ಆದ್ರೂ ಜಪಾನಿನ ಬಾಯ್ಲಿಂಗ್ ವಾಟರ್ ರಿಯಾಕ್ಟರ್‌ಗಳಲ್ಲಿ 316ಎಲ್ ಕೋರ್ ಶ್ರೌಡ್ (ಇಂಧನದ ಸುತ್ತಲಿನ ಸಿಲಿಂಡರ್) ಬಿರುಕು ಬಿಡ್ತು. ಗ್ರೈಂಡಿಂಗು ಮಷೀನಿಂಗು ಮಾಡಿದಾಗ ಮೇಲಿನ ತೆಳು ಪದರ ಗಡಸಾಗಿ, ಅದರಲ್ಲಿ ಎಳೆತ ಉಳ್ಕೊಂಡು, ಬಿರುಕು ಶುರುವಾಗಿದ್ದೇ ಅಲ್ಲಿಂದ. ನಿನ್ನ ಪ್ರಾಜೆಕ್ಟಿನ ಜೀವ ಇಲ್ಲಿದೆ. ಪೀನಿಂಗೂ ಪದರ ಗಡಸು ಮಾಡುತ್ತೆ, ಆದ್ರೆ ಎಳೆತದ ಬದಲು ಅದುಮೋ ಒತ್ತಡ ಉಳಿಸುತ್ತೆ, ಅಷ್ಟೇ ವ್ಯತ್ಯಾಸ. ಆಗ್ಲೇ ಇರೋ ಬಿರುಕನ್ನ ಅದು ಮುಚ್ಚಲ್ಲ, ಮೊದ್ಲು ಡೈ ಪೆನಿಟ್ರೆಂಟ್ (ಬಣ್ಣ ಇಳಿಸಿ ಬಿರುಕು ಹುಡುಕೋ ಟೆಸ್ಟ್) ಮಾಡ್ಸು.

ಚಿಕ್ಕಮಗಳೂರು ಫ್ಯಾಬ್ರಿಕೇಟರ್:
ರಿಯಾಕ್ಟರ್ ನಂಗೊತ್ತಿಲ್ಲ ತಮ್ಮ, ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಟ್ಯಾಂಕ್ ಕೆಲ್ಸ ನಮ್ದು. ಎಂಎಸ್ (ಮೈಲ್ಡ್ ಸ್ಟೀಲ್) ಉಜ್ಜಿದ ವೀಲನ್ನ ಎಸ್‌ಎಸ್‌ಗೆ ಮುಟ್ಟಿಸ್ಲೇಬೇಡ, ಕಬ್ಬಿಣದ ಪುಡಿ ಕೂತು ತುಕ್ಕು ಏಳುತ್ತೆ, ನಿನ್ನ ರಿಸಲ್ಟ್ ಎಲ್ಲ ಕೆಡುತ್ತೆ. ಎಲ್ಲಾ ಪೀಸನ್ನೂ ಒಬ್ಬನ ಕೈಲೇ, ಒಂದೇ ಗ್ರಿಟ್‌ನಲ್ಲಿ, ಒಂದೇ ದಿಕ್ಕಿಗೆ ಉಜ್ಜಿಸು. ಒತ್ತಿ ಉಜ್ಜಿ ನೀಲಿ ಬಂದಿರೋ ಪೀಸ್ ಪಕ್ಕಕ್ಕಿಡು, ಆಮೇಲೆ ಬಫ್ ಹೊಡೆದು ಹೊಳಪು ತರ್ಬೋದು, ಕೆಳಗಿನ ಪೆಟ್ಟು ಹಂಗೇ ಇರುತ್ತೆ.

ಹಾಸನ, ಪಿಎಚ್‌ಡಿ:
ಆಟೋಕ್ಲೇವ್ ಇಲ್ದಿದ್ರೆ ಎಎಸ್‌ಟಿಎಂ ಜಿ36 ಅನ್ನೋ ಸ್ಟ್ಯಾಂಡರ್ಡ್ ಟೆಸ್ಟ್ ಮಾಡಿ, 155 ಡಿಗ್ರಿಲಿ ಕುದಿಯೋ ಮೆಗ್ನೀಷಿಯಂ ಕ್ಲೋರೈಡ್, ಕಂಡೆನ್ಸರ್ ಫಿಟ್ ಮಾಡಿ ಫ್ಯೂಮ್ ಹುಡ್ ಒಳಗೇ ಮಾಡಿ. ಪೀನ್ ಮಾಡಿದ ಮೇಲೆ ಯು ಆಕಾರಕ್ಕೆ ಬಗ್ಗಿಸ್ಬೇಡಿ, ಬಗ್ಗಿಸಿದಾಗ ಪೀನಿಂಗಿನ ಒತ್ತಡವೇ ಅಳಿಸಿ ಹೋಗುತ್ತೆ, ಫೋರ್ ಪಾಯಿಂಟ್ ಬೆಂಡಲ್ಲಿ (ನಾಲ್ಕು ಕಡೆ ಒತ್ತಿ ಬಗ್ಗಿಸೋದು) ಯೀಲ್ಡ್ ಒಳಗೇ, ಅಂದ್ರೆ ಶಾಶ್ವತವಾಗಿ ಬಾಗದಷ್ಟೇ, ಲೋಡ್ ಕೊಡಿ. ಎಲೆಕ್ಟ್ರೋಪಾಲಿಶ್ ಮಾಡಿದ ಒಂದು ಸೆಟ್ ಜೊತೆಗಿರಲಿ, ಅದ್ರಲ್ಲಿ ಗಡಸು ಪದರವೇ ಕರಗಿ ಹೋಗಿರುತ್ತೆ, ಹೋಲಿಕೆಗೆ ಅದೇ ಆಧಾರ. ಇನ್ನೊಂದು, ಬಾಯ್ಲಿಂಗ್ ವಾಟರ್ ರಿಯಾಕ್ಟರಲ್ಲಿ ಇರೋದು ಸುಮಾರು 288 ಡಿಗ್ರಿಯ ಶುದ್ಧ ನೀರು, ಕ್ಲೋರೈಡ್ ಅಲ್ಲ. ಹಂಗಾಗಿ ಥೀಸಿಸಲ್ಲಿ 'ಕ್ಲೋರೈಡಲ್ಲಿ ಈ ಮೇಲ್ಮೈ ಮೊದ್ಲು ಸೀಳ್ತು' ಅಂತಷ್ಟೇ ಬರೀರಿ, ರಿಯಾಕ್ಟರಲ್ಲಿ ಇಷ್ಟು ವರ್ಷ ಬಾಳುತ್ತೆ ಅಂತ ಲೆಕ್ಕ ಹಾಕಕ್ಕೆ ಹೋಗ್ಬೇಡಿ.