ಕಾಳಗ ಶುರುವಾದರೆ ಆಟಗಾರರು ಮೊಬೈಲ್ ಹಿಡಿಯುತ್ತಾರೆ, ಏನು ಮಾಡಲಿ?

ಪ್ರಶ್ನೆ: ಐದು ಜನ ಗೆಳೆಯರಿಗೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಮೇಜಿನ ಸುತ್ತ ಕೂತು, ಪಾತ್ರ ವಹಿಸಿ, ಡೈಸ್ ಉರುಳಿಸಿ ಕಥೆ ಕಟ್ಟುವ ಆಟ) ಆಡಿಸುತ್ತಿದ್ದೇನೆ, 2014ರ ನಿಯಮಗಳು. ಶುರುವಿನಲ್ಲಿ ಉತ್ಸಾಹ ಚೆನ್ನಾಗಿರುತ್ತದೆ. ಕಾಳಗ ಬಂದ ಕೂಡಲೇ ಒಬ್ಬೊಬ್ಬರಾಗಿ ಮೊಬೈಲ್ ತೆಗೆಯುತ್ತಾರೆ. ಡಿಎಂ (ಡಂಜನ್ ಮಾಸ್ಟರ್, ಅಂದರೆ ಕಥೆ ಹೇಳಿ ಆಟ ನಡೆಸುವವರು) ಆಗಿ ಅನುಭವ ಇರುವವರು ಹೇಳಿ.

ಉತ್ತರ: ನಿಮ್ಮ ಕಥೆ ಚೆನ್ನಾಗಿಲ್ಲ ಅಂತ ಬೇಜಾರು ಮಾಡ್ಕೋಬೇಡಿ. ಅವರು ಕಾಯುವುದು ಜಾಸ್ತಿ ಆಗಿದೆ, ಅಷ್ಟೇ. ಕಾಳಗದಲ್ಲಿ ಎಲ್ಲರಿಗೂ ಒಂದೊಂದು ಸರದಿ ಸಿಗುವ ಒಂದು ಸುತ್ತು ಅಂದರೆ ಕಥೆಯೊಳಗೆ ಬರೀ 6 ಸೆಕೆಂಡು. ಮೇಜಿನ ಸುತ್ತ ಐದು ಜನ, ಎದುರಿಗೆ ಎಂಟು ಗಾಬ್ಲಿನ್ (ಡಿಎಂ ಆಡಿಸುವ ಕುಳ್ಳ ರಾಕ್ಷಸರು) ಇದ್ದರೆ ಅದಕ್ಕೇ ಕಾಲು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತು ಸುಮ್ನೆ ಕೂರೋದು ಕಷ್ಟ ಅಲ್ವಾ?

ನಾನು ಒಬ್ಬರನ್ನು ಕರೆಯುವಾಗಲೇ ಮುಂದಿನವರನ್ನೂ ಎಚ್ಚರಿಸುತ್ತೇನೆ: "ಈಗ ಫೈಟರ್, ಆಮೇಲೆ ವಿಜರ್ಡ್." ವಿಜರ್ಡ್, ಅಂದರೆ ಮಾಂತ್ರಿಕನ ಪಾತ್ರ ಆಡುವವರು ಅಷ್ಟರಲ್ಲಿ ಸ್ಪೆಲ್ (ಮಂತ್ರ) ಹುಡುಕಿ ಇಟ್ಟುಕೊಳ್ಳುತ್ತಾರೆ. ಏಟು ತಾಗಿತೇ ಅಂತ ನೋಡುವ ದಾಳಿಯ ಡೈಸ್, ಏಟು ಎಷ್ಟು ಅಂತ ಹೇಳುವ ಡ್ಯಾಮೇಜ್ ಡೈಸ್ ಎರಡನ್ನೂ ಒಟ್ಟಿಗೇ ಉರುಳಿಸಲಿ. ಎಲ್ಲ ಗಾಬ್ಲಿನ್‌ಗಳಿಗೂ ಸೇರಿ ಒಂದೇ ಇನಿಷಿಯೇಟಿವ್ (ಯಾರ ಸರದಿ ಯಾವಾಗ ಅಂತ ಹೇಳುವ ಡೈಸ್) ಹಾಕಿ, ಅದು ನಿಯಮದಲ್ಲೇ ಇದೆ. ಅವುಗಳ ಏಟಿಗೆ ಡೈಸ್ ಕೂಡ ಬೇಡ, ಪುಸ್ತಕದಲ್ಲಿರುವ ಸರಾಸರಿ 5 ಸಾಕು. ಗೆಲುವು ಗ್ಯಾರಂಟಿ ಅನ್ನಿಸಿದ ಮೇಲೆ ಉಳಿದ ಎರಡು ಗಾಬ್ಲಿನ್ ಓಡಿಹೋಗಲಿ ಬಿಡಿ. ಕೊನೆಯ 7 ಹಿಟ್ ಪಾಯಿಂಟ್‌ (ಜೀವದ ಅಂಕ) ವರೆಗೂ ಕಡಿಯುತ್ತಾ ಕೂರುವುದರಲ್ಲಿ ಯಾರಿಗೂ ಮಜಾ ಇಲ್ಲ.

ಉತ್ತರ: ಮೇಲಿನವರು ಹೇಳಿದ್ದು ನಿಜ. ಕಾಳಗದ ಆಚೆಗೂ ಒಂದು ದಾರಿ ಇದೆ. ಊರನ್ನು ನೀವೊಬ್ಬರೇ ಕಟ್ಟಬೇಡಿ, ಆಟಗಾರರನ್ನೇ ಕೇಳಿ. ನಮ್ಮ ಗುಂಪು ಒಂದು ಛತ್ರಕ್ಕೆ ಬಂದಾಗ ರೋಗ್ (ಕಳ್ಳನಂಥ ಚಾಲಾಕಿ ಪಾತ್ರ) ಆಡುವವಳನ್ನು ಕೇಳಿದೆ: "ಈ ಛತ್ರದ ಯಜಮಾನಿಗೆ ನಿನ್ನ ಮೇಲೆ ಯಾಕೆ ಸಿಟ್ಟು?" ಅವಳು ತಟ್ಟನೆ, "ಹೋದ ಸಲ ದುಡ್ಡು ಕೊಡದೆ ಕಿಟಕಿಯಿಂದ ಹಾರಿದ್ದೆ" ಅಂದಳು. ಆ ಸಾಲ ತೀರಿಸುವುದರಲ್ಲೇ ಇಡೀ ಸಂಜೆ ಹೋಯಿತು. ಸಾಲ ಮನ್ನಾ ಆಗಬೇಕಾದರೆ ನೆಲಮಾಳಿಗೆಯಲ್ಲಿ ಏನು ಸದ್ದು ಅಂತ ನೋಡಿ ಬನ್ನಿ ಅಂದಳು ಯಜಮಾನಿ. ನಾನು ಬರೆದಿಟ್ಟಿದ್ದ ಸಾಹಸಕ್ಕೆ ಅವರೇ ಮುಂದಾಗಿ ಇಳಿದರು.

ಡೈಸ್ ಸರಿಯಾಗಿ ಬೀಳದಿದ್ದಾಗಲೂ ಕಥೆ ನಿಲ್ಲಬಾರದು. "ಬೀಗ ತೆರೆಯಲಿಲ್ಲ" ಅಂದರೆ ಎಲ್ಲರೂ ಪೆಚ್ಚಾಗುತ್ತಾರೆ. "ಬೀಗ ತೆರೆಯಿತು, ಆದರೆ ಕಾವಲುಗಾರನಿಗೆ ಸದ್ದು ಕೇಳಿಸಿತು" ಅಂದು ನೋಡಿ.

ಉತ್ತರ: ಒಂದು ಸಣ್ಣ ಮಾತು. ಸುಮ್ಮನಿರುವವರೆಲ್ಲ ಬೋರ್ ಆಗಿದ್ದಾರೆ ಅಂತ ಅಲ್ಲ. ಕೆಲವರಿಗೆ ಕೇಳಿಸಿಕೊಂಡು ಕೂರುವುದೇ ಖುಷಿ. ಅಂಥವರಿಗೆ "ಏನು ಮಾಡ್ತೀಯಾ?" ಅನ್ನುವ ಬದಲು "ಬಾಗಿಲು ಕಾಯ್ತೀಯಾ, ಇಲ್ಲಾ ಇವರ ಜೊತೆ ಒಳಗೆ ಹೋಗ್ತೀಯಾ?" ಅಂತ ಕೇಳಿ. ಮೊಬೈಲ್ ನೋಡುವವರ ಜೊತೆಗೂ ಆಟ ಮುಗಿದ ಮೇಲೆ ಒಬ್ಬೊಬ್ಬರಾಗಿ ಮಾತಾಡಿ. ಎಲ್ಲರೆದುರು ಕೇಳಿದರೆ ಮನಸ್ಸು ಬಿಚ್ಚಿ ಹೇಳುವುದಿಲ್ಲ.