ಪಿಯಾನೊದ ಹೊಸ ಬೇಸ್ ತಂತಿ ಝರ್ ಅನ್ನುತ್ತಿದೆ, ಎಲ್ಲಿ ತಪ್ಪಿದೆ?

ಪ್ರಶ್ನೆ: ಸರ್, ನಮ್ಮದು ಮಂಗಳೂರು. ಅಜ್ಜಿಯ ಕಾಲದ ಅಪ್‌ರೈಟ್ ಪಿಯಾನೊ. ಈ ಮಳೆಗಾಲದಲ್ಲಿ ಎಡಗಡೆಯ, ತಗ್ಗು ಸ್ವರದ (ಬೇಸ್) ಒಂದು ತಂತಿ ತುಂಡಾಯಿತು, ಒಂದು ಸ್ವರಕ್ಕೆ ಎರಡು ತಂತಿ ಇರುವ ಕಡೆ. ಹಳೆಯದನ್ನು ಮಾದರಿಗೆ ಕಳಿಸಿ ಹೊಸದು ಮಾಡಿಸಿ ನಾನೇ ಹಾಕಿದೆ. ಶ್ರುತಿಗೇನೋ ಬಂತು, ಆದರೆ ಜೋರಾಗಿ ಒತ್ತಿದರೆ ಡಬ್ಬಿಯೊಳಗೆ ಜೀರುಂಡೆ ಸಿಕ್ಕಿಕೊಂಡ ಹಾಗೆ ಝರ್ರ್ ಅನ್ನುತ್ತದೆ. ತಂತಿಯೇ ಸರಿಯಿಲ್ವಾ?

ಉತ್ತರ: ತಂತಿಯ ಮೇಲೆ ಗೂಬೆ ಕೂರಿಸಬೇಡಿ. ಮೊದಲು ಪಿಯಾನೊ ಮೇಲಿರುವ ಫೋಟೊ, ಹೂದಾನಿ ಎಲ್ಲ ಕೆಳಗಿಟ್ಟು ಬಾರಿಸಿ ನೋಡಿ. ನಗಬೇಡಿ, ಎಷ್ಟೋ ಸಲ ಝರ್ ಅನ್ನುವುದು ಫೋಟೊದ ಗಾಜು. ಆಮೇಲೂ ಇದ್ದರೆ ಹೇಳಿ, ತಂತಿಯ ತುದಿಯ ಕುಣಿಕೆಯನ್ನು ಕೆಳಗಿನ ಹಿಚ್ ಪಿನ್ನಿಗೆ, ಅಂದರೆ ಅದನ್ನು ಹಿಡಿದಿಡುವ ಅಲುಗದ ಗೂಟಕ್ಕೆ, ಸಿಕ್ಕಿಸುವ ಮುಂಚೆ ತಂತಿಯನ್ನು ತಿರುಚಿದಿರಾ?

ಪ್ರಶ್ನೆ: ಇಲ್ಲ ಸರ್. ನೇರವಾಗಿ ಸಿಕ್ಕಿಸಿ ಬಿಗಿ ಮಾಡಿದೆ.

ಉತ್ತರ: ಹಾಗಾದರೆ ಅದೇ ಇರಬೇಕು. ಬೇಸ್ ತಂತಿ ಅಂದರೆ ಒಳಗೆ ಸ್ಟೀಲ್, ಮೇಲೆ ತಾಮ್ರದ ಸುತ್ತು. ಆ ಸುತ್ತು ಚೂರು ಸಡಿಲವಿದ್ದರೂ ಸ್ಟೀಲ್ ಅದುರಿದಾಗ ತಾಮ್ರ ಅದಕ್ಕೆ ಬಡಿದುಕೊಳ್ಳುತ್ತದೆ. ತಾಮ್ರ ಯಾವ ದಿಕ್ಕಿಗೆ ಸುತ್ತಿದೆಯೋ ಅದೇ ದಿಕ್ಕಿಗೆ, ಅಂದರೆ ಸುತ್ತು ಬಿಗಿಯಾಗುವ ಕಡೆಗೆ, ಕುಣಿಕೆಯನ್ನು ಒಂದು ಪೂರ್ತಿ ಸುತ್ತು ತಿರುಚಿ ಹಿಚ್ ಪಿನ್ನಿಗೆ ಹಾಕಬೇಕು. ಉಲ್ಟಾ ತಿರುಚಿದರೆ ಇನ್ನೂ ಹಾಳು. ಈಗ ಹೊಸ ತಂತಿ ಬೇಡ. ಕುಣಿಕೆ ಕೈಗೆ ಬರುವಷ್ಟು ಮಾತ್ರ ಟ್ಯೂನಿಂಗ್ ಪಿನ್ (ಮೇಲೆ ತಂತಿ ಸುತ್ತಿಕೊಂಡಿರುವ, ಶ್ರುತಿ ಮಾಡಲು ತಿರುಗಿಸುವ ಪಿನ್) ಸಡಿಲಿಸಿ, ಮೇಲಿನ ಸುರುಳಿ ಬಿಚ್ಚಿಕೊಳ್ಳದ ಹಾಗೆ ನೋಡಿಕೊಳ್ಳಿ, ತಿರುಚಿ, ಕೈ ಬಿಡದೆ ಸಿಕ್ಕಿಸಿ ಬಿಗಿ ಮಾಡಿ. ತಾಮ್ರವನ್ನು ಬಟ್ಟೆಯಲ್ಲೇ ಹಿಡಿಯಿರಿ, ಬೆವರು ತಾಗಿದರೆ ಕಪ್ಪಾಗುತ್ತದೆ. ಕಣ್ಣಿಗೆ ಕನ್ನಡಕ ಇರಲಿ.

ಪ್ರಶ್ನೆ: ಇನ್ನೊಂದು, ಆ ಟ್ಯೂನಿಂಗ್ ಪಿನ್ ಪಕ್ಕದವಕ್ಕಿಂತ ಒಳಗೆ ಹೋಗಿದೆ.

ಉತ್ತರ: ಹಳೆ ತಂತಿ ತೆಗೆಯುವಾಗ ಪಿನ್ನನ್ನು ಮೂರು ಸುತ್ತು ಹಿಂದಕ್ಕೆ ತಿರುಗಿಸಿಲ್ಲ, ಅಲ್ವಾ? ಮೊದಲೇ ಹಿಂದೆ ತಂದಿದ್ದರೆ ಹೊಸ ತಂತಿಯ ಮೂರು ಸುರುಳಿ ಬೀಳುವಷ್ಟರಲ್ಲಿ ಪಿನ್ ಹಳೆಯ ಎತ್ತರಕ್ಕೇ ಬಂದು ನಿಲ್ಲುತ್ತದೆ. ಆ ಮೂರು ಸುರುಳಿಗೆಂದೇ ಹೊಸ ತಂತಿಯನ್ನು ಪಿನ್ ದಾಟಿ ಮೂರು ಇಂಚಿನಷ್ಟು ಉಳಿಸಿ ಕತ್ತರಿಸುವುದು. ಸುರುಳಿ ಕಬ್ಬಿಣದ ಫ್ರೇಮಿಗೆ ತಾಗದಿದ್ದರೆ ಸದ್ಯ ಬಿಟ್ಟುಬಿಡಿ. ಅಂದ ಹಾಗೆ, ತಂತಿ ತುಂಡಾದದ್ದು ಎಲ್ಲಿ?

ಪ್ರಶ್ನೆ: ಮೇಲೆ, ಪಿನ್ನಿನ ಹತ್ತಿರವೇ.

ಉತ್ತರ: ಅಯ್ಯೋ, ಹಾಗಿದ್ದರೆ ಅಷ್ಟೇ ದಪ್ಪದ ಸ್ಟೀಲ್ ತಂತಿಯ ತುಂಡನ್ನು ಗಂಟು ಹಾಕಿ ಸೇರಿಸಬಹುದಿತ್ತು. ತಾಮ್ರದ ಭಾಗ ಹಳೆಯದೇ ಉಳಿದು ಜೊತೆ ತಂತಿಯ ದನಿಗೆ ಹೊಂದುತ್ತಿತ್ತು. ಈಗ ಹೊಸದು ಟಣ್ ಅನ್ನುತ್ತದೆ, ಹಳೆಯದು ದೊಪ್ಪ ಅನ್ನುತ್ತದೆ. ಕಿವಿಗೆ ಜಾಸ್ತಿ ಕಿರಿಕಿರಿಯಾದರೆ ಅದರ ಜೋಡಿಯನ್ನೂ ಬದಲಿಸಿ.

ಬೇರೊಬ್ಬರ ಪ್ರಶ್ನೆ: ನಮ್ಮದರಲ್ಲಿ ಬೇಸ್ ಪೂರ್ತಿ ತುಕ್ಕು. ಎಲ್ಲ ತಂತಿ ಒಟ್ಟಿಗೆ ಬಿಚ್ಚಲಾ?

ಉತ್ತರ: ಬೇಡ. ಎಲ್ಲ ತಂತಿಯ ಎಳೆತ ಸೇರಿದರೆ 15ರಿಂದ 20 ಟನ್. ಒಂದು ಕಡೆ ಮಾತ್ರ ಪೂರ್ತಿ ಸಡಿಲಿಸಿದರೆ ಮಿಕ್ಕ ಕಡೆಯ ಶ್ರುತಿಯೂ ಕೆಡುತ್ತದೆ. ಒಂದು ಬಿಚ್ಚಿ, ಒಂದು ಹಾಕಿ, ಮುಂದಿನದಕ್ಕೆ ಹೋಗಿ.

ಮೊದಲಿನವರು: ತಿರುಚಿ ಹಾಕಿದೆ ಸರ್, ಝರ್ ಹೋಯಿತು! ಆದರೆ ಬೆಳಿಗ್ಗೆಗೆ ಶ್ರುತಿ ಇಳಿದಿದೆ.

ಉತ್ತರ: ಇಳಿಯಲೇಬೇಕು, ಹೊಸ ತಂತಿ ಹಿಗ್ಗುತ್ತದೆ. ಕೆಲವು ವಾರ ಆಗಾಗ ಏರಿಸುತ್ತಿರಿ.