ಪದಚರ್ಚೆ: ‘ಪಾಸ್‌ವರ್ಡ್ ಮ್ಯಾನೇಜರ್’ಗೆ ಕನ್ನಡ ಪದ ಬೇಕು, ನಾಳೆಯೇ ಮುದ್ರಣ

ಬೆಳಗಾವಿಯಿಂದ, ಪ್ರಶ್ನೆ

ಮಾನ್ಯರೆ,

ಇಲ್ಲಿನ ಉದ್ಯಮಬಾಗದ ಸಣ್ಣ ಫೌಂಡ್ರಿ ಮತ್ತು ಲೇತ್ ಕಾರ್ಖಾನೆಗಳ ಕಚೇರಿ ಸಿಬ್ಬಂದಿಗಾಗಿ ಒಂದು ಭಿತ್ತಿಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಜಿಎಸ್‌ಟಿ, ಸರಕು ಸಾಗಣೆಯ ಇ-ವೇ ಬಿಲ್, ಬ್ಯಾಂಕ್, ಇಮೇಲ್ ಎಲ್ಲಕ್ಕೂ ಒಂದೇ ಪಾಸ್‌ವರ್ಡ್ ಇಟ್ಟುಕೊಂಡು, ಅದನ್ನು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸುವ ಅಭ್ಯಾಸವನ್ನು ಬಿಡಿಸುವುದು ಅದರ ಉದ್ದೇಶ. ಒಂದೊಂದು ಖಾತೆಗೂ ಬೇರೆ ಬೇರೆ ಉದ್ದನೆಯ ಪಾಸ್‌ವರ್ಡ್ ಮಾಡಿ, ಜೋಪಾನವಾಗಿಟ್ಟು, ಬೇಕಾದಾಗ ತುಂಬಿಕೊಡುವ ತಂತ್ರಾಂಶವನ್ನು ಬಳಸಿ ಎಂದು ಅದು ಹೇಳಬೇಕು.

ಕರಡಿನಲ್ಲಿ ‘ಪಾಸ್‌ವರ್ಡ್ ನಿರ್ವಾಹಕ’ ಎಂದು ಬರೆದಿದ್ದೆ. ಒಂದು ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ಸಹಾಯಕಿಗೆ ಓದಲು ಕೊಟ್ಟೆ. ‘ಎಲ್ಲ ಪಾಸ್‌ವರ್ಡ್‌ಗಳೂ ನಿರ್ವಾಹಕದಲ್ಲಿ ಇರಲಿ’ ಎಂಬ ಸಾಲನ್ನು ಓದಿ, ‘ನಮ್ಮ ಮ್ಯಾನೇಜರ್ ಹತ್ತಿರ ಈಗಾಗಲೇ ಎಲ್ಲವೂ ಇವೆ’ ಎಂದರು. ಭಿತ್ತಿಪತ್ರ ತಡೆಯಬೇಕಾದದ್ದನ್ನೇ ಕಲಿಸುವಂತಾಯಿತು.

ತಂತ್ರಾಂಶಕ್ಕೊಂದು, ಅದನ್ನು ತೆರೆಯುವ ಮಾಸ್ಟರ್ ಪಾಸ್‌ವರ್ಡಿಗೊಂದು ಪದ ಬೇಕು. ನಾಳೆ ಬೆಳಿಗ್ಗೆ ಮುದ್ರಣಾಲಯಕ್ಕೆ ಕೊಡಬೇಕು. ದಯವಿಟ್ಟು ಇಂದು ರಾತ್ರಿಯೊಳಗೆ ತಿಳಿಸಿ.

ಮೈಸೂರಿನಿಂದ

ಮೊದಲು ‘ಪಾಸ್‌ವರ್ಡ್’ ಹೋಗಬೇಕು. ಅದು ಇರುವ ತನಕ ಮುಂದೆ ಏನು ಜೋಡಿಸಿದರೂ ಕಲಬೆರಕೆಯೇ. ಇಂಗ್ಲಿಷಿಗೆ ಸಂಸ್ಕೃತವನ್ನು ಹೊಲಿದು ಕನ್ನಡವೆಂದು ಕರೆಯುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಸಂಸ್ಕೃತ ಕನ್ನಡಗಳನ್ನು ಅರಿಯದೆ ಸಮಾಸದಲ್ಲಿ ಬೆರೆಸುವುದು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬೆರೆಸಿದಂತೆ ಎಂದು ಕವಿರಾಜಮಾರ್ಗಕಾರ ಒಂಬತ್ತನೆಯ ಶತಮಾನದಲ್ಲಿಯೇ ಹೇಳಿದ್ದಾನೆ.

ಪಾಸ್‌ವರ್ಡ್: ಗುಟ್ಟುನುಡಿ. ಮ್ಯಾನೇಜರ್: ಗುಟ್ಟುಗೂಡು. ಮಾಸ್ಟರ್ ಪಾಸ್‌ವರ್ಡ್: ಹೆಗ್ಗೀಲಿ, ಅಂದರೆ ಹಿರಿದಾದ ಕೀಲಿ, ಹೆದ್ದೊರೆಯ ಹಾಗೆ ಆದೇಶಸಂಧಿ. ‘ಹೆದ್ದಾರಿ’, ‘ಬೆರಳಚ್ಚು’ ಹೊಸದಾಗಿ ಬಂದಾಗಲೂ ಜನಕ್ಕೆ ಅರ್ಥವಾಗುವುದಿಲ್ಲ ಎನ್ನುವವರಿದ್ದರು. ಇಂದು ಅವು ರಸ್ತೆಯ ಫಲಕದಲ್ಲಿಯೂ ಪರೀಕ್ಷೆಯ ಪ್ರಮಾಣಪತ್ರದಲ್ಲಿಯೂ ಇವೆ.

ಧಾರವಾಡದಿಂದ

ಹೆಗ್ಗೀಲಿ ನಡೆಯುವುದಿಲ್ಲ. ನಮ್ಮ ಕಡೆ ಕೀಲಿ ಎಂದರೆ ಬೀಗ. ‘ಬಾಗಿಲಿಗೆ ಕೀಲಿ ಹಾಕು’ ಎನ್ನುತ್ತೇವೆ. ಅದನ್ನು ತೆರೆಯುವುದು ಕೀಲಿಕೈ, ಇಲ್ಲವೇ ಚಾವಿ. ಬೆಳಗಾವಿಯ ಓದುಗರಿಗೆ ಹೆಗ್ಗೀಲಿ ಎಂದರೆ ದೊಡ್ಡ ಬೀಗ. ಪ್ರಶ್ನೆ ಬಂದದ್ದು ಬೆಳಗಾವಿಯಿಂದ, ಮೈಸೂರಿನಿಂದಲ್ಲ.

‘ಚಾವಿ’ಯನ್ನು ಹೊರಗಿನದೆಂದು ಯಾರಾದರೂ ಎತ್ತುವ ಮೊದಲು ನಾನೇ ಹೇಳುತ್ತೇನೆ: ಪೋರ್ಚುಗೀಸರ ‘ಶಾವೆ’ ಅದರ ಮೂಲ. ಮೇಜು, ಸಾಬೂನು, ಅಲಮಾರುಗಳ ಜೊತೆಗೆ ಬಂದು ನೆಲೆಸಿದೆ. ಯಾರ ಭಾಷೆಯೂ ಕೆಟ್ಟಿಲ್ಲ.

ಕುಂದಾಪುರದಿಂದ

ತಮಿಳರ ‘ಕಡವುಚ್ಚೊಲ್’ ಪದವನ್ನು ಯಾರೂ ನೆನೆಯಲಿಲ್ಲವೇಕೆ? ಮಲಯಾಳಿಗಳು ‘ರಹಸ್ಯವಾಕ್ಕ್’ ಎಂದರು, ತೆಲುಗರು ‘ಸಂಕೇತಪದಂ’ ಎಂದರು, ಮರಾಠಿಗರು ‘ಪರವಲೀಚಾ ಶಬ್ದ’ ಎಂದರು. ತಮಿಳರು ಮಾತ್ರ ಕ್ರಿಯೆಯ ಬೇರನ್ನು ಹಿಡಿದರು. ಕಡ ಎಂದರೆ ದಾಟು. ಹೊಳೆ ದಾಟಲು ದೋಣಿ ಕಟ್ಟುವ ಜಾಗಕ್ಕೆ ಕರಾವಳಿಯಲ್ಲಿ ಕಡವು ಎನ್ನುವ ಮಾತಿದೆ. ಪಾಸ್‌ವರ್ಡಿನ ತಿರುಳು ಗುಟ್ಟಲ್ಲ, ದಾಟುವಿಕೆ. ಆದ್ದರಿಂದ ‘ಕಡವುನುಡಿ’. ಈ ಧಾತು ನಮ್ಮಲ್ಲಿ ಜೀವಂತವಾಗಿರುವಾಗ ಗುಟ್ಟು, ಗೂಡು ಎಂದು ಹುಡುಕುವುದೇಕೆ?

ಮೈಸೂರಿನಿಂದ

ಘಟ್ಟದ ಮೇಲೆ ಆ ಪದವಿಲ್ಲ. ಮುಂದುವರಿಸಬೇಡಿ.

ಶಿವಮೊಗ್ಗದಿಂದ

ಇಷ್ಟು ಪತ್ರಗಳಲ್ಲಿ ಒಬ್ಬರೂ ಆ ಭಿತ್ತಿಪತ್ರ ಅಂಟುವ ಕಚೇರಿಯನ್ನು ಕಣ್ಣ ಮುಂದೆ ತಂದುಕೊಳ್ಳಲಿಲ್ಲ. ನಾನು ಸಣ್ಣ ಉದ್ದಿಮೆಗಳ ತೆರಿಗೆ ಲೆಕ್ಕ ನೋಡುವವನು. ಅಲ್ಲಿ ಜಿಎಸ್‌ಟಿ ಖಾತೆಯ ಪಾಸ್‌ವರ್ಡ್ ಮಾಲೀಕರಿಗೆ ಗೊತ್ತು, ಗುಮಾಸ್ತರಿಗೆ ಗೊತ್ತು, ಲೆಕ್ಕಪರಿಶೋಧಕರ ಕಚೇರಿಯ ಹುಡುಗರಿಗೆ ಗೊತ್ತು, ಹೋದ ವರ್ಷ ಕೆಲಸ ಬಿಟ್ಟವರಿಗೂ ಗೊತ್ತು. ಎಲ್ಲವನ್ನೂ ಒಂದು ಎಕ್ಸೆಲ್ ಹಾಳೆಯಲ್ಲಿ ಬರೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿರುತ್ತಾರೆ. 2025ರ ಏಪ್ರಿಲ್ 1ರಿಂದ ಇ-ವೇ ಬಿಲ್ ಪೋರ್ಟಲ್‌ನಲ್ಲಿ ಎಲ್ಲರಿಗೂ ಒಟಿಪಿ ಕಡ್ಡಾಯವಾಗಿದೆ. ಆದರೂ ಲಾರಿ ಗೇಟಿನಲ್ಲಿ ನಿಂತಿರುವಾಗ ಗುಮಾಸ್ತರು ಮಾಲೀಕರಿಗೆ ಕರೆ ಮಾಡಿ ಒಟಿಪಿ ಕೇಳುತ್ತಾರೆ, ಅವರು ಓದಿ ಹೇಳುತ್ತಾರೆ. ಗುಮಾಸ್ತರ ಹೆಸರಿನಲ್ಲೇ ಉಪ-ಬಳಕೆದಾರ ಖಾತೆ ಮಾಡಿಕೊಡಲು ಅದೇ ಪೋರ್ಟಲ್‌ನಲ್ಲಿ ಅವಕಾಶವಿದೆ. ಇದು ನಿಮ್ಮ ಭಿತ್ತಿಪತ್ರದಲ್ಲಿ ಇಲ್ಲದಿದ್ದರೆ ಸೇರಿಸಿ.

ಈಗ ಪದ. ‘ನಿರ್ವಾಹಕ’ ಎಂದರೆ ನಮ್ಮ ಜನಕ್ಕೆ ಬಸ್ಸಿನಲ್ಲಿ ಟಿಕೆಟ್ ಕೊಡುವವರು. ಚಾಲಕ, ಲೇಖಕ, ನಿರ್ವಾಹಕ ಎಲ್ಲವೂ ಕರ್ತೃವಾಚಕಗಳು. ಓದಿದವರ ಮನಸ್ಸಿಗೆ ಮನುಷ್ಯನೇ ಬರುತ್ತಾನೆ. ‘ಮ್ಯಾನೇಜರ್’ ಅದಕ್ಕಿಂತ ಅಪಾಯ, ಏಕೆಂದರೆ ಕಾರ್ಖಾನೆಯಲ್ಲಿ ಆ ಹೆಸರಿನ ಮನುಷ್ಯ ನಿಜವಾಗಿಯೂ ಪಕ್ಕದ ಕೋಣೆಯಲ್ಲಿ ಕುಳಿತಿರುತ್ತಾನೆ. ಆ ಸಹಾಯಕಿ ತಪ್ಪಾಗಿ ಓದಲಿಲ್ಲ. ಪದವೇ ಹಾಗೆ ಓದಿಸಿತು. ಆದ್ದರಿಂದ ಇಲ್ಲಿ ವಸ್ತುವಾಚಕ ಬೇಕು, ಅದೂ ಅಂಗಡಿ ಕಚೇರಿಗಳಲ್ಲಿ ದಿನವೂ ನುಡಿಯುವಂಥದ್ದು. ಗಲ್ಲಾಪೆಟ್ಟಿಗೆ ಎನ್ನುವವರು ‘ಪಾಸ್‌ವರ್ಡ್ ಪೆಟ್ಟಿಗೆ’ಯನ್ನು ವಿವರಣೆಯಿಲ್ಲದೆ ಹಿಡಿಯುತ್ತಾರೆ. ಮಾಸ್ಟರ್ ಪಾಸ್‌ವರ್ಡಿಗೆ ‘ಪೆಟ್ಟಿಗೆಯ ಪಾಸ್‌ವರ್ಡ್’ ಸಾಕು. ‘ಮೂಲ’, ‘ಪ್ರಧಾನ’, ‘ಹೆ’ ಯಾವುದೂ ಬೇಡ.

ಹೆಸರಿನ ಕೆಳಗೆ ಒಂದೆರಡು ಸಾಲು ವಿವರ ಇರಲಿ. ಪೆಟ್ಟಿಗೆ ಸುಮ್ಮನೆ ಇಟ್ಟುಕೊಳ್ಳುವುದಿಲ್ಲ, ಜಾಲತಾಣದ ವಿಳಾಸವನ್ನು ನೋಡಿಯೇ ತುಂಬುತ್ತದೆ. ಬ್ಯಾಂಕಿನ ಹೆಸರಿನ ನಕಲಿ ತಾಣದಲ್ಲಿ ಒಂದಕ್ಷರ ಬೇರೆ ಇದ್ದರೂ ಅದು ಪಾಸ್‌ವರ್ಡನ್ನು ಮುಂದೆ ಚಾಚುವುದಿಲ್ಲ. ನನ್ನ ದೃಷ್ಟಿಯಲ್ಲಿ ಸಣ್ಣ ಕಚೇರಿಗೆ ಇದೇ ದೊಡ್ಡ ಲಾಭ, ಏಕೆಂದರೆ ಅವಸರದಲ್ಲಿರುವ ಕಣ್ಣು ಆ ಒಂದಕ್ಷರವನ್ನು ಕಾಣುವುದಿಲ್ಲ. ತಾನೇ ತುಂಬದಿದ್ದಾಗ ಕೈಯಿಂದ ನಕಲು ಮಾಡಿ ಅಂಟಿಸಬೇಡಿ, ಮೊದಲು ವಿಳಾಸ ನೋಡಿ ಎಂದು ಬರೆಯಿರಿ.

ಪೆಟ್ಟಿಗೆಯ ಪಾಸ್‌ವರ್ಡ್ ಉದ್ದವಾಗಿರಲೇಬೇಕು. 2022ರಲ್ಲಿ ಲಾಸ್ಟ್‌ಪಾಸ್ ಎಂಬ ಸೇವೆಯಿಂದ ಗ್ರಾಹಕರ ಪೆಟ್ಟಿಗೆಗಳ ಗೂಢಲಿಪೀಕರಿಸಿದ, ಅಂದರೆ ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಮಾಡಿದ, ಪ್ರತಿಗಳೇ ಕಳುವಾದವು. ಅಂಥ ಕಳವಾದಾಗ ಉಳಿಯುವ ಕಾವಲು ಆ ಒಂದು ಪಾಸ್‌ವರ್ಡ್ ಮಾತ್ರ. ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಜೋಡಿಸಿದರೆ ಉದ್ದವೂ ಆಗುತ್ತದೆ, ನೆನಪಿನಲ್ಲೂ ಉಳಿಯುತ್ತದೆ. ಮರೆತರೆ ಬಹಳಷ್ಟು ಸೇವೆಗಳಲ್ಲಿ ಕಂಪನಿಯವರೂ ತೆರೆದುಕೊಡಲಾರರು. ಕಾಗದದಲ್ಲಿ ಬರೆದು, ಲಕೋಟೆಗೆ ಮೊಹರು ಹಾಕಿ, ಮಾಲೀಕರು ಬ್ಯಾಂಕ್ ಲಾಕರಿನಲ್ಲಿ ಇಡಲಿ. ಕೆಲಸ ಬಿಟ್ಟವರನ್ನು ಪೆಟ್ಟಿಗೆಯ ಹಂಚಿಕೆಯಿಂದ ತೆಗೆದುಹಾಕಿದರೆ ಮುಗಿಯಲಿಲ್ಲ. ಅವರು ಕಂಡಿದ್ದ ಪಾಸ್‌ವರ್ಡ್‌ಗಳನ್ನೂ ಬದಲಿಸಬೇಕು.

ಮೈಸೂರಿನಿಂದ

ನಿಮ್ಮ ಪತ್ರದಲ್ಲಿ ಭದ್ರತೆ ಇದೆ, ಭಾಷೆ ಇಲ್ಲ. ‘ಪಾಸ್‌ವರ್ಡ್ ಪೆಟ್ಟಿಗೆ’ ಅರ್ಧ ಸೋಲು. ಹೊಸ ವಸ್ತು ಬಂದಾಗಲೆಲ್ಲ ‘ಜನರ ಬಾಯಲ್ಲಿ ಇದೆ’ ಎಂದು ಬಿಟ್ಟುಕೊಟ್ಟರೆ ಕನ್ನಡಕ್ಕೆ ವಿಭಕ್ತಿ ಪ್ರತ್ಯಯಗಳು ಮಾತ್ರ ಉಳಿಯುತ್ತವೆ. ಗಲ್ಲಾ ಎಂಬುದೂ ನಮ್ಮದಲ್ಲ.

ಧಾರವಾಡದಿಂದ

ಗಲ್ಲಾ ನಮ್ಮದಲ್ಲ, ಗುಮಾಸ್ತ ನಮ್ಮದಲ್ಲ, ಕಚೇರಿ ನಮ್ಮದಲ್ಲ, ಖಾತೆ ನಮ್ಮದಲ್ಲ. ಇವನ್ನೆಲ್ಲ ಹೊರಹಾಕಿ ಒಂದು ದಿನ ವ್ಯಾಪಾರ ನಡೆಸಿ ತೋರಿಸಿ.

ಅಚ್ಚಗನ್ನಡದಲ್ಲಿ ಕಾವ್ಯ ಬರೆಯಬಹುದೆಂದು ಆಂಡಯ್ಯ ತೋರಿಸಿದ. ಅದನ್ನು ಗೌರವದಿಂದ ಓದುತ್ತೇನೆ. ಆದರೆ ಗೋಡೆಯ ಮೇಲಿನ ಎಚ್ಚರಿಕೆಗೆ ಟೀಕೆ, ಟಿಪ್ಪಣಿ ಬೇಕಾಗಬಾರದು. ನಿಮಗೆ ಬೇಕಾದ ಉದಾಹರಣೆ ‘ಹೆದ್ದಾರಿ’ಯಲ್ಲ, ‘ಕಡತ’. ಹುಣಸೆಬೀಜದ ಅಂಟು ಮತ್ತು ಇದ್ದಿಲು ಬಳಿದ ಬಟ್ಟೆಯ ಮಡಿಕೆ ಅದು. ಶಾನುಭೋಗರು, ವರ್ತಕರು ಅದರ ಮೇಲೆ ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಆಕರಗಳಾಗಿವೆ. ಬಟ್ಟೆ ಹೋಯಿತು, ಫೈಲು ಬಂತು, ಹೆಸರು ಕಡತವೇ ಆಯಿತು. ಹಾಗೆ ಕೈಯಲ್ಲಿದ್ದ ಪದ ಹೊಸ ವಸ್ತುವಿಗೆ ಸರಿಯುತ್ತದೆ. ಪೆಟ್ಟಿಗೆ ಅಂಥದ್ದು. ಗುಟ್ಟುಗೂಡು ನಿಮ್ಮ ಮೇಜಿನ ಮೇಲೆ ಹುಟ್ಟಿದ್ದು.

ಮೈಸೂರಿನಿಂದ

ಕಡತ ಕನ್ನಡದ್ದೆಂದು ನೀವೇ ಒಪ್ಪಿದಿರಿ. ಪೆಟ್ಟಿಗೆಯೂ ಕನ್ನಡದ್ದೇ. ನನ್ನ ಆಕ್ಷೇಪ ಮೊದಲರ್ಧದ ಮೇಲೆ. ಕೊನೆಯ ಪಕ್ಷ ‘ಗುಪ್ತಪದ’ ಹಾಕಿ ಎಂದು ಕೇಳಬಹುದಿತ್ತು. ನಾನು ಅದನ್ನೂ ಕೇಳುತ್ತಿಲ್ಲ, ಏಕೆಂದರೆ ಅದು ಸಂಸ್ಕೃತ, ಮತ್ತೊಬ್ಬರ ಮನೆಯ ಪದ.

ಬೆಳಗಾವಿಯಿಂದ

ಎಲ್ಲರಿಗೂ ಕೃತಜ್ಞತೆಗಳು. ‘ಪಾಸ್‌ವರ್ಡ್ ಪೆಟ್ಟಿಗೆ’ಯನ್ನೇ ಕಳಿಸುತ್ತಿದ್ದೇನೆ. ಸಿಬ್ಬಂದಿಯ ಫೋನಿನ ಪರದೆಯಲ್ಲಿ ಇಂಗ್ಲಿಷ್ ಹೆಸರೇ ಕಾಣುವ ಕಾರಣ, ಮೊದಲ ಸಲ ಬಂದಾಗ ಮಾತ್ರ ‘ಪರದೆಯ ಮೇಲೆ ಪಾಸ್‌ವರ್ಡ್ ಮ್ಯಾನೇಜರ್ ಎಂದಿರುತ್ತದೆ, ಇದು ತಂತ್ರಾಂಶ, ವ್ಯಕ್ತಿಯಲ್ಲ’ ಎಂದು ಸೇರಿಸಿದ್ದೇನೆ. ಆಟೋಫಿಲ್ ಬಂದಲ್ಲೆಲ್ಲ ‘ತಾನೇ ತುಂಬುವುದು’ ಎಂದು ಬಿಡಿಸಿ ಬರೆದಿದ್ದೇನೆ. ಉಪ-ಬಳಕೆದಾರ ಖಾತೆಯ ಮಾತು ಮೂಲದಲ್ಲಿ ಇರಲಿಲ್ಲ, ಸೇರಿಸಿದೆ.

ಮೂಲದ ಕೊನೆಯಲ್ಲಿ ‘ಪ್ರತಿ ತಿಂಗಳೂ ಎಲ್ಲ ಪಾಸ್‌ವರ್ಡ್‌ಗಳನ್ನು ಬದಲಿಸಿ’ ಎಂಬ ಸಾಲಿದೆ. ಹಾಗೆಯೇ ಬಿಡಲೇ?

ಶಿವಮೊಗ್ಗದಿಂದ

ತೆಗೆಯಿರಿ. ಅಮೆರಿಕದ ಸರ್ಕಾರಿ ಮಾನಕ ಸಂಸ್ಥೆ ಎನ್‌ಐಎಸ್‌ಟಿಯ ಮಾರ್ಗಸೂಚಿಯೇ ಆ ಪದ್ಧತಿಯನ್ನು ಕೈಬಿಟ್ಟಿದೆ. ತಿಂಗಳಿಗೊಮ್ಮೆ ಬದಲಿಸಿ ಎಂದರೆ ಜನರು ಕೊನೆಗೆ 1, 2, 3 ಸೇರಿಸುತ್ತಾ ಹೋಗುತ್ತಾರೆ. ‘ಸೋರಿಕೆಯ ಅನುಮಾನ ಬಂದಾಗ ಮತ್ತು ಯಾರಾದರೂ ಕೆಲಸ ಬಿಟ್ಟಾಗ ತಕ್ಷಣ ಬದಲಿಸಿ’ ಎಂದು ಬರೆಯಿರಿ. ಮುದ್ರಣಕ್ಕೆ ಕೊಡುವ ಮೊದಲು ಆ ಸಹಾಯಕಿಗೆ ಇನ್ನೊಮ್ಮೆ ಓದಿಸಿ.